ಬ್ಯಾಟರಿ ಕೋಣೆಯ ಅಡ್ಡಣಿಗೆ

ಕಾಲುವೆಗೆ ನೀರು ಯಾವಾಗ ಬರುತ್ತದೆ ಎಂಬ ಬಗ್ಗೆ ಸಿರಿಗೇರಿಯಲ್ಲಿ ಹತ್ತು ಅಭಿಪ್ರಾಯಗಳಿರಬಹುದು. ಹಾಲಸಿದ್ದಪ್ಪ ಕಟ್ಟಿದ ಫ್ಯೂಸು ಹೋಗುವುದಿಲ್ಲ ಎಂಬ ಬಗ್ಗೆ ಒಂದೇ.

ಮೂವತ್ತನಾಲ್ಕು ವರ್ಷದಿಂದ ಅವನದು ಮೋಟರ್ ವೈಂಡಿಂಗ್ ಅಂಗಡಿ. ಪೇಟೆಯಲ್ಲಿ ಸಿಗುವ ಫ್ಯೂಸ್ ತಂತಿಯನ್ನು ಕಂಡರೆ ಅವನಿಗೆ ಸಿಟ್ಟಿಗಿಂತ ಹೆಚ್ಚಾಗಿ ಕನಿಕರ. ಕೂದಲಿನಷ್ಟು ತೆಳ್ಳಗಿನ ಆ ವಸ್ತುವನ್ನು ನಂಬಿ ಹತ್ತು ಎಕರೆ ಭತ್ತ ಹಚ್ಚುವುದುಂಟೆ? ಅವನು ತಾಮ್ರದ ತಂತಿಯ ಮೂರು ಎಳೆ ಹೊಸೆದು ಕಟ್ಟುತ್ತಿದ್ದ. ಮೋಟರು ಜಗಮೊಂಡ ಆಗಿದ್ದರೆ ನಾಲ್ಕು. ತ್ರೀ ಫೇಸ್ ಕರೆಂಟು ದಿನಕ್ಕೆ ಕೆಲವೇ ತಾಸು ಬರುವ ಸೀಮೆಯಲ್ಲಿ, ಫ್ಯೂಸು ಹೋಯಿತೆಂದು ಹೊಲಕ್ಕೆ ಓಡುವ ಕಷ್ಟವನ್ನು ತಪ್ಪಿಸಿದವನು ದೇವರಿಗಿಂತ ಒಂದೇ ಮೆಟ್ಟಿಲು ಕೆಳಗೆ.

ಮೋಟರುಗಳು ಮಾತ್ರ ಆಗಾಗ ಸುಡುತ್ತಿದ್ದವು. ಸುಟ್ಟಾಗ ಅವನ್ನು ಟ್ರ್ಯಾಕ್ಟರಿನಲ್ಲಿ ಹಾಕಿಕೊಂಡು ಬಂದು ಅವನ ಅಂಗಡಿಯ ಮುಂದೆಯೇ ಇಳಿಸುತ್ತಿದ್ದರು. ಅವನು ಬಿಚ್ಚಿ ನೋಡಿ, ಈಗಿನ ಕಂಪನಿಗಳ ಬಗ್ಗೆ ಬೇಸರದ ಒಂದು ಮಾತಾಡಿ, ಹೊಸದಾಗಿ ಸುತ್ತಿ ಕಳಿಸುತ್ತಿದ್ದ. ಫ್ಯೂಸು ಹೇಗಿದ್ದದ್ದು ಹಾಗೇ ಇರುತ್ತಿತ್ತು. ಎಲ್ಲರೂ ಅದನ್ನು ನೋಡಿ ತಲೆದೂಗುತ್ತಿದ್ದರು.

ಅವನ ಮಗಳು ಚೈತ್ರಾ ಬಳ್ಳಾರಿಯಲ್ಲಿ ಎಲೆಕ್ಟ್ರಿಕಲ್ ಡಿಪ್ಲೊಮಾ ಮುಗಿಸಿ, ಎರಡು ವರ್ಷ ಒಂದು ಸೋಲಾರ್ ಅಂಗಡಿಯಲ್ಲಿ ದುಡಿದು, ಈಗ ಮೊದಲ ಸಲ ತನ್ನದೇ ಹೆಸರಿನಲ್ಲಿ ಒಂದು ಕೆಲಸ ಹಿಡಿದಿದ್ದಳು. ಕೆಲಸ ಕುರುಗೋಡಿನ ಜಂಬಮ್ಮನ ಮನೆಯಲ್ಲಿ. ಬಳ್ಳಾರಿಯ ಜೀನ್ಸ್ ಘಟಕಗಳಿಂದ ಕತ್ತರಿಸಿದ ಬಟ್ಟೆ ಟಂಟಂ ಗಾಡಿಯಲ್ಲಿ ಜಂಬಮ್ಮನ ಓಣಿಗೆ ಬಂದು, ಜೇಬು ಕೂಡಿಸಿಕೊಂಡು ಸಂಜೆ ನಾಲ್ಕಕ್ಕೆ ವಾಪಸ್ ಹೋಗುತ್ತಿತ್ತು. ನಡುವೆ ಕರೆಂಟು ಹೋದರೆ ಪ್ಯಾಂಟುಗಳು ಜೇಬಿಲ್ಲದೆ ಹೋಗಬೇಕು, ಇಲ್ಲವೇ ಹೋಗಬಾರದು. ಎರಡನ್ನೂ ಬಳ್ಳಾರಿಯವರು ಒಪ್ಪುತ್ತಿರಲಿಲ್ಲ. ಹಾಗಾಗಿ ಜಂಬಮ್ಮ ತನ್ನ ಐದು ಹೊಲಿಗೆ ಮಷಿನ್ನಿಗೆ ಸೋಲಾರ್ ಮತ್ತು ಬ್ಯಾಟರಿ ಹಾಕಿಸಲು ಮುಂದಾಗಿದ್ದಳು. ಓಣಿಯಲ್ಲಿ ಹೀಗೆ ಹೊಲಿಯುವ ಮನೆ ಇನ್ನೂ ಆರಿದ್ದವು. ಅವರೆಲ್ಲರ ಪರವಾಗಿ ಮಾತಾಡುವವಳು ರೇಣುಕಾ. ಅವಳು ಚೈತ್ರಾಳಿಗೆ ಮೊದಲೇ ಸ್ಪಷ್ಟಮಾಡಿದ್ದಳು.

‘ನೋಡವ್ವ, ಜಂಬಮ್ಮಕ್ಕನ ಮನ್ಯಾಗ ಸುಸೂತ್ರ ನಡದ್ರ ಆರೂ ಮನಿ ನಿಂದ. ನಡೀಲಿಲ್ಲಂದ್ರ ಬಳ್ಳಾರ್ಯಾಗ ದೊಡ್ಡ ದೊಡ್ಡ ಅಂಗಡಿಯವರು ಅದಾರ.’

ಆರು ಮನೆ ಎಂದರೆ ಚೈತ್ರಾಳಿಗೆ ಒಂದು ವರ್ಷದ ಕೆಲಸ ಮತ್ತು ಬಾಗಿಲ ಮೇಲೆ ಸ್ವಂತ ಹೆಸರಿನ ಬೋರ್ಡು. ಒಂದು ಮನೆ ಕೆಟ್ಟರೆ ಮತ್ತೆ ಅದೇ ಸೋಲಾರ್ ಅಂಗಡಿ, ಅದೇ ಮಾಲೀಕ, ‘ಹುಡುಗಿ, ಚಾ ಹೇಳು’ ಎನ್ನುವ ಅದೇ ದನಿ.

ಬ್ಯಾಟರಿ ಚಾಲೂ ಮಾಡುವ ಪೂಜೆಯ ದಿನ ಬೆಳಿಗ್ಗೆ ಹಾಲಸಿದ್ದಪ್ಪ ಸಿರಿಗೇರಿಯಿಂದ ಬಸ್ಸು ಹಿಡಿದು ಬಂದ. ಇಸ್ತ್ರಿಯ ಜುಬ್ಬಾ, ಜೇಬಿನಲ್ಲಿ ಅಭ್ಯಾಸಬಲದಿಂದ ತಾಮ್ರದ ತಂತಿಯ ಒಂದು ಸಿಂಬಿ. ಹೊಲಿಗೆ ಶೆಡ್ಡಿನ ಹಿಂದಿನ ಸಣ್ಣ ಕೋಣೆಗೆ ಹೋಗಿ, ಮದುಮಗಳನ್ನು ನೋಡಲು ಬಂದ ಹಿರಿಯನಂತೆ ಕೈ ಹಿಂದೆ ಕಟ್ಟಿಕೊಂಡು ನಿಂತ. ಮರದ ಸ್ಟ್ಯಾಂಡಿನ ಮೇಲೆ ನಾಲ್ಕು ಬ್ಯಾಟರಿ, ಕೆಂಪು ಕಪ್ಪು ದಪ್ಪ ವೈರುಗಳು. ಕಿಟಕಿಯ ಗಾಜು ತೆಗೆದು ಜಾಲರಿ ಬಡಿದಿತ್ತು.

‘ನಾಕೂ ಹೊಸಾವು ಯಾಕ ತಂದಿ? ಎರಡು ಹಳೇವು ಸಿಗತಿದ್ದವಲ್ಲ.’

‘ಹಳೇದು ಹೊಸಾದು ಒಂದ ಸಾಲಿಗೆ ಕಟ್ಟಿದ್ರ ಹಳೇದು ಹೊಸಾದನ್ನೂ ಕೆಡಸತೈತಿ ಅಪ್ಪಾ.’

ಹಾಲಸಿದ್ದಪ್ಪ ಮಗಳ ಮುಖವನ್ನೊಮ್ಮೆ ನೋಡಿದ. ಬ್ಯಾಟರಿಯ ಮಾತೇ ಎಂದು ಖಾತ್ರಿಯಾದ ಮೇಲೆ ಮುಂದಕ್ಕೆ ಸರಿದ.

‘ಇದೇನು, ಬಿಸ್ಕೀಟಿನ ಪೊಟ್ಟಣ ಇದ್ದಂಗೈತಿ?’

‘ಫ್ಯೂಸು. ನೂರಾ ಇಪ್ಪತ್ತೈದು ಆಂಪ್ಸಿಂದು. ಬೆಂಗಳೂರಿಂದ ತರಿಸೀನಿ.’

‘ಇಷ್ಟು ದೊಡ್ಡ ಗ್ವಾಡಿ ಐತಿ, ಬ್ಯಾಟರಿ ಬಾಯಾಗ ಹೊಕ್ಕಂಡು ಕುಂತೈತಲ್ಲ ಇದು.’

‘ಅಲ್ಲೇ ಇರಬೇಕು. ವೈರು ಎಲ್ಲಿ ತಗಲಿದ್ರೂ ಫ್ಯೂಸ್ ದಾಟಿದ ಮ್ಯಾಲೆ ತಗಲಬೇಕು. ಬ್ಯಾಟರಿಗೂ ಫ್ಯೂಸಿಗೂ ನಡುವೆ ತಗಲಿದ್ರ ತಡಿಯೋರು ಯಾರೂ ಇಲ್ಲ. ಅದಕ್ಕ ಒಂದು ಗೇಣಿಗಿಂತ ದೂರ ಬಿಟ್ಟಿಲ್ಲ.’

‘ಹೋದ್ರ?’

‘ಎರಡು ಹೇಳಿದ್ದೆ, ಒಂದ ಬಂತು. ಇನ್ನೊಂದು ಇವತ್ತು ಬಳ್ಳಾರಿಗೆ ಪಾರ್ಸಲ್ ಬರತೈತಿ.’

‘ಹೋಗತೈತಿ ಅಂತ ಗೊತ್ತಿದ್ದ ಸಾಮಾನಿಗೆ ಜೋಡಿ ಬ್ಯಾರೆ’ ಎಂದ ಹಾಲಸಿದ್ದಪ್ಪ. ಮಗಳ ಓದಿಗೆ ತಾನು ಪಟ್ಟ ಕಷ್ಟವೆಲ್ಲ ಒಂದು ಕ್ಷಣ ಅವನ ಮುಖದ ಮೇಲೆ ಹಾದುಹೋಯಿತು.

ಫ್ಯೂಸು ದಾಟಿದ ವೈರು ಗೋಡೆಯ ಹಲಗೆಯ ಮೇಲಿದ್ದ ಒಂದು ತಾಮ್ರದ ಪಟ್ಟಿಗೆ ಬರುತ್ತಿತ್ತು. ಅದರ ಪಕ್ಕ, ಗೇಣು ಬಿಟ್ಟು, ಮೈನಸ್ಸಿನದು ಇನ್ನೊಂದು ಪಟ್ಟಿ. ಎರಡೂ ಬಿಳಿ ಪಿಂಗಾಣಿ ಕಾಲುಗಳ ಮೇಲೆ ಮಟ್ಟವಾಗಿ ನಿಂತಿದ್ದವು. ಇನ್ವರ್ಟರಿನ ವೈರು, ಸೋಲಾರಿನ ವೈರು ಎಲ್ಲ ಅಲ್ಲಿಗೇ ಸೇರುವಂಥವು. ಮೇಲೆ ಒಂದು ಪ್ಲಾಸ್ಟಿಕ್ ಮುಚ್ಚಳ. ಮುಚ್ಚಳಕ್ಕೆ ಚೈತ್ರಾ ಸ್ಕ್ರೂ ಹಾಕಿರಲಿಲ್ಲ; ಮುಂದೆ ನೋಡಿ ಬಿಗಿ ಮಾಡಲು ಸುಲಭವಾಗಲಿ ಎಂದು ಕ್ಲಿಪ್ ಇಟ್ಟಿದ್ದಳು.

ಅವತ್ತು ಓಣಿಯಲ್ಲಿ ಕಂಬದ ಕೆಲಸವಿದ್ದು ಬೆಳಿಗ್ಗೆಯಿಂದಲೇ ಕರೆಂಟು ತೆಗೆದಿದ್ದರು. ಪರೀಕ್ಷೆಗೆ ಇದಕ್ಕಿಂತ ಒಳ್ಳೆಯ ದಿನ ಸಿಗುವುದಿಲ್ಲವೆಂದು ರೇಣುಕಾ ಆರೂ ಮನೆಯ ಹೆಂಗಸರನ್ನು ಕರೆದುಕೊಂಡು ಬಂದು ಶೆಡ್ಡಿನಲ್ಲಿ ಬಟ್ಟೆಯ ಗಂಟುಗಳ ಮೇಲೆ ಕೂತಳು.

ಪೂಜೆಗೆ ಮೊದಲು ಚೈತ್ರಾ ಜಂಬಮ್ಮನಿಗೆ ತಾಕೀತು ಮಾಡಿದಳು. ‘ಅತ್ತಿ, ಒಳಗ ದೀಪ, ಕರ್ಪೂರ, ಊದಿನಕಡ್ಡಿ ಏನೂ ಬ್ಯಾಡ. ಚಾರ್ಜ್ ಆಗೋವಾಗ ಬ್ಯಾಟರಿ ಗ್ಯಾಸ್ ಬಿಡತಾವ.’

‘ಬೆಂಕಿ ಬ್ಯಾಡ ಅಂದ್ರ ಬ್ಯಾಡ ಬಿಡವ್ವ. ಕುಂಕುಮಕ್ಕೇನೂ ಅಡ್ಡಿಯಿಲ್ಲಲ್ಲ?’

ಕುಂಕುಮದಿಂದ ಉರಿದ ಬ್ಯಾಟರಿಯ ಬಗ್ಗೆ ಚೈತ್ರಾ ಎಲ್ಲಿಯೂ ಓದಿರಲಿಲ್ಲ. ‘ಇಲ್ಲ’ ಎಂದು ಹೇಳಿ ಛಾವಣಿಯ ಮೇಲಿನ ಪ್ಯಾನೆಲ್ಲಿನ ಸ್ವಿಚ್ಚು ನೋಡಲು ಏಣಿ ಹತ್ತಿದಳು.

ಜಂಬಮ್ಮ ಮಾತಿಗೆ ತಪ್ಪುವವಳಲ್ಲ. ಊದಿನಕಡ್ಡಿಯನ್ನು ಹೊರಗೇ ಸಿಕ್ಕಿಸಿ, ಹಿತ್ತಾಳೆ ತಟ್ಟೆಯಲ್ಲಿ ವಿಭೂತಿ, ಕುಂಕುಮ, ಹೂವು, ಕಾಯಿ ಮಾತ್ರ ಇಟ್ಟುಕೊಂಡು ಒಳಗೆ ಹೋದಳು. ಎಡಗೈಯಲ್ಲಿ ತಟ್ಟೆ ಹಿಡಿದು ನಾಲ್ಕೂ ಬ್ಯಾಟರಿಗೆ ವಿಭೂತಿ ಹಚ್ಚಿದಳು. ನಂತರ ಪ್ಲಾಸ್ಟಿಕ್ ಮುಚ್ಚಳದ ಮುಂದೆ ನಿಂತು ಯೋಚಿಸಿದಳು. ಮುಚ್ಚಳಕ್ಕೆ ಹಚ್ಚಿದ ಕುಂಕುಮ ಮುಚ್ಚಳಕ್ಕೆ ಸಲ್ಲುತ್ತದೆಯೇ ಹೊರತು ಒಳಗಿದ್ದದ್ದಕ್ಕಲ್ಲ. ಕ್ಲಿಪ್ ಎತ್ತಿದಳು. ಒಂದು ಪಟ್ಟಿಗೆ ಬೆರಳಿನಿಂದ ಕುಂಕುಮ ಇಟ್ಟಳು. ಇನ್ನು ಹೂ ಏರಿಸಬೇಕು; ಅದಕ್ಕೆ ಎರಡೂ ಕೈ ಬೇಕು.

ಪೂಜೆಯ ತಟ್ಟೆಯನ್ನು ಬರಿ ನೆಲಕ್ಕೆ ಇಡುವುದು ಅವರ ಮನೆಯಲ್ಲಿ ಇಲ್ಲ. ಊಟದ ತಟ್ಟೆಯ ಕೆಳಗೇ ಅಡ್ಡಣಿಗೆಯ ಪೀಠ ಬೇಕು ಎನ್ನುವ ಮನೆತನ, ದೇವರದ್ದನ್ನು ಕೇಳಬೇಕೆ? ಜಂಬಮ್ಮ ಸುತ್ತ ನೋಡಿದಳು. ಅಲ್ಲೇ, ಕಣ್ಣೆದುರು, ಸೊಂಟದೆತ್ತರಕ್ಕೆ, ಬಿಳಿ ಕಾಲುಗಳ ಮೇಲೆ ಎರಡು ಪಟ್ಟಿಗಳು ಒಂದು ತಟ್ಟೆ ಹಿಡಿಯುವಷ್ಟು ಅಂತರದಲ್ಲಿ ಮಟ್ಟವಾಗಿ ನಿಂತಿದ್ದವು. ಅದೂ ಶುದ್ಧ ತಾಮ್ರದ್ದು. ಹುಡುಗಿ ಇದನ್ನೂ ನೆನಪಿಟ್ಟು ಮಾಡಿಸಿದ್ದಾಳಲ್ಲ ಎಂದು ಜಂಬಮ್ಮನಿಗೆ ಮನಸ್ಸು ತುಂಬಿ ಬಂತು. ತಟ್ಟೆಯನ್ನು ಎರಡೂ ಕೈಯಿಂದ, ಮರ್ಯಾದೆಯಿಂದ, ಅದರ ಮೇಲಿಟ್ಟಳು.

ನೀಲಿ ಬೆಳಕೊಂದು ಮಿಂಚಿತು. ಚಪ್ಪಡಿ ಸೀಳಿದ ಹಾಗೆ ಚಟ್ಟೆಂದು ಸದ್ದಾಯಿತು. ಆಮೇಲೆ ಕಾಯಿ ನೆಲದ ಮೇಲೆ ಉರುಳುವ ಸದ್ದು ಬಿಟ್ಟರೆ ಏನೂ ಇಲ್ಲ.

ಎಲ್ಲರೂ ಓಡಿಬಂದು ನೋಡಿದಾಗ ಜಂಬಮ್ಮ ನಿಂತಲ್ಲೇ ನಿಂತಿದ್ದಳು. ದಿನವೂ ಹಣೆಗೆ ಮೂರು ಗೆರೆಯಷ್ಟು ಹಚ್ಚುವ ವಿಭೂತಿ ಇವತ್ತು ಹುಬ್ಬು, ಮೂಗು, ಗಲ್ಲಗಳಿಗೂ ಧಾರಾಳವಾಗಿ ಸಿಕ್ಕಿತ್ತು. ಚೈತ್ರಾ ಏಣಿಯಿಂದ ಇಳಿದವಳೇ ಅವಳ ಕೈಗಳನ್ನು ತಿರುಗಿಸಿ ತಿರುಗಿಸಿ ನೋಡಿದಳು. ಸೆರಗಿನಲ್ಲಿ ಸಾಸಿವೆ ಕಾಳಿನಷ್ಟು ಒಂದು ತೂತು, ಮತ್ತೇನೂ ಇಲ್ಲ.

‘ತಟ್ಟಿ ಕೆಳಗ ಇಡಬಾರದಂತ ಅಲ್ಲಿಟ್ಟೆ ನಮ್ಮವ್ವ’ ಎಂದಳು ಜಂಬಮ್ಮ. ‘ಅಡ್ಡಣಿಗಿ ಅಂದ್ಕಂಡೆ.’

ಚೈತ್ರಾ ಪಟ್ಟಿಗಳನ್ನು ನೋಡಿದಳು. ಆರು ವಾರದಿಂದ ಅವಳು ನೋಡುತ್ತಿದ್ದದ್ದು ಪ್ಲಸ್ಸು ಮತ್ತು ಮೈನಸ್ಸು. ಈಗ ನೋಡಿದರೆ ಹೌದು, ಅಡ್ಡಣಿಗೆಯೇ.

‘ಕ್ಲಿಪ್ ಹಾಕಿದ್ದು ನನ್ನ ತಪ್ಪು ಅತ್ತಿ. ಸ್ಕ್ರೂ ಹಾಕಬೇಕಿತ್ತು’ ಎಂದಳು. ಮೀಟರು ಹಿಡಿದು ನೋಡಿ, ‘ಫ್ಯೂಸು ಹೋಗೈತಿ’ ಎಂದಳು.

‘ಹೋತಾ?’ ಎಂದಳು ರೇಣುಕಾ. ‘ಮೊದಲನೇ ದಿನಾನ?’

‘ತನ್ನ ಕೆಲಸ ಮಾಡಿ ಹೋಗೈತ್ರಿ ಅಕ್ಕ.’

‘ಸತ್ತೋರ ಬಗ್ಗೆನೂ ಹಂಗ ಅಂತಾರವ್ವ.’

ಹಿಂದಿನಿಂದ ಯಾರೋ ‘ಅಪಶಕುನ’ ಎಂದರು. ಇನ್ಯಾರೋ ಬಳ್ಳಾರಿಯ ದೊಡ್ಡ ಅಂಗಡಿಯವರ ಫೋನ್ ನಂಬರು ತಮ್ಮ ಗಂಡನ ಹತ್ತಿರ ಇದೆ ಎಂದರು. ಚೈತ್ರಾಳ ಕಣ್ಣೆದುರೇ ಆರು ಮನೆಗಳು ಒಂದೊಂದಾಗಿ ಬಾಗಿಲು ಹಾಕಿಕೊಳ್ಳತೊಡಗಿದವು.

ಹಾಲಸಿದ್ದಪ್ಪ ಜುಬ್ಬಾದ ತೋಳು ಮಡಚಿದ. ಜೇಬಿನಿಂದ ಸಿಂಬಿ ಹೊರಬಂತು. ಮಗಳು ಸೋತ ಜಾಗದಲ್ಲಿ ಅಪ್ಪ ನಿಲ್ಲುವುದು ಲೋಕದ ಪದ್ಧತಿ. ಅವನಿಗೆ ಅದರಲ್ಲಿ ಹೆಮ್ಮೆಯೂ ಇತ್ತು.

‘ಸರಿ ಅತ್ತಾಗ. ನಾಕು ಎಳಿ ಹೊಡದ್ರ ಮೊಮ್ಮಕ್ಕಳ ಕಾಲಕ್ಕೂ ಹೋಗಂಗಿಲ್ಲ.’

‘ಬ್ಯಾಡ ಅಪ್ಪಾ.’

‘ಐದು ನಿಮಿಷ.’

‘ನಿನ್ನ ವೈರು ಹೋಗೋ ಹೊತ್ತಿಗೆ ಮನಿ ಹೋಗಿರತೈತಿ.’

‘ನಿಮ್ಮಪ್ಪ ಮಾಡತೀನಿ ಅಂದ್ರ ಮಾಡ್ಲಿ ಬಿಡವ್ವ’ ಎಂದಳು ರೇಣುಕಾ. ‘ನಾಕಕ್ಕ ಟಂಟಂ ಬರತೈತಿ.’

ಚೈತ್ರಾ ಹಿಡಿಗೆ ಟೇಪು ಸುತ್ತಿದ ಸ್ಪ್ಯಾನರ್ ತೆಗೆದು, ಎರಡನೆಯ ಮತ್ತು ಮೂರನೆಯ ಬ್ಯಾಟರಿಯ ನಡುವಿನ ಕೊಂಡಿ ವೈರನ್ನು ಬಿಚ್ಚಿ, ಸುರುಳಿ ಸುತ್ತಿ ತನ್ನ ಚೀಲಕ್ಕೆ ಹಾಕಿಕೊಂಡಳು. ಅದಿಲ್ಲದೆ ನಾಲ್ಕು ಬ್ಯಾಟರಿ ನಾಲ್ಕು ದಿಕ್ಕು. ‘ಬಳ್ಳಾರಿಗೆ ಹೋಗಿ ಫ್ಯೂಸ್ ತರತೀನಿ’ ಎಂದು ಸ್ಕೂಟಿ ಹತ್ತಿದಳು. ಹೊರಡುವ ಮುಂಚೆ ಅಪ್ಪನ ಕೈಯಲ್ಲಿದ್ದ ಸಿಂಬಿಗೂ ಕೈ ಚಾಚಿದಳು. ಹಾಲಸಿದ್ದಪ್ಪ ಆಕಾಶ ನೋಡಿದ. ಆಕಾಶದಲ್ಲಿ ಏನೂ ಇರಲಿಲ್ಲ. ಸಿಂಬಿ ಅವನಲ್ಲೇ ಉಳಿಯಿತು.

ಮಗಳು ಹೋದ ಅರ್ಧ ತಾಸಿಗೆ ಜಂಬಮ್ಮನ ಮೈದುನ ದೊಡ್ಡಬಸವರಾಜ ಟ್ರ್ಯಾಕ್ಟರ್ ನಿಲ್ಲಿಸಿ ಒಳಗೆ ಬಂದ. ಅವನ ಗದ್ದೆ ಸಿರಿಗೇರಿಯ ಬಳಿ. ಹಾಲಸಿದ್ದಪ್ಪನನ್ನು ನೋಡಿ ಅವನಿಗೆ ಊರ ಗೌಡನನ್ನೇ ಕಂಡಷ್ಟಾಯಿತು.

‘ಇವರು ಇಲ್ಲಿರೋಮುಂದ ನೀವು ಕೈ ಕಟ್ಕಂಡು ಕುಂತೀರಲ್ಲ’ ಎಂದು ಹೆಂಗಸರಿಗೆ ಹೇಳಿದ. ‘ಈ ಮಾವ ಕಟ್ಟಿದ ಫ್ಯೂಸು ನಮ್ಮ ಹೊಲದಾಗ ಹನ್ನೊಂದು ವರ್ಸ ಆತು. ಇವತ್ತಿಗೂ ಹೋಗಿಲ್ಲ.’

‘ಕೇಳಿದ್ರಾ?’ ಎಂದಳು ರೇಣುಕಾ, ಉಳಿದವರಿಗೆ.

‘ಕೊಂಡಿ ವೈರು ಇಲ್ಲಪ್ಪ. ಮಗಳು ಒಯ್ದಾಳ’ ಎಂದ ಹಾಲಸಿದ್ದಪ್ಪ.

‘ಕೊಂಡಿಗೇನು? ಟ್ರ್ಯಾಕ್ಟರಿನಾಗ ಜಂಪರ್ ವೈರು ಐತಿ.’

ಜಂಪರ್ ವೈರು ಬಂತು, ಹಾಲಸಿದ್ದಪ್ಪನ ಎಡಗೈಗೆ. ಬಲಗೈಯಲ್ಲಿ ಸಿಂಬಿ. ಏಳು ಹೆಂಗಸರು ಮತ್ತು ಒಬ್ಬ ಅಭಿಮಾನಿ ಅವನನ್ನೇ ನೋಡುತ್ತಿದ್ದರು. ಕಟ್ಟಿದರೆ ಮಷಿನ್ನು ತಿರುಗುತ್ತವೆ, ಮಗಳಿಗೆ ಆರು ಮನೆ ಉಳಿಯುತ್ತವೆ, ಅವಳು ಸಿಟ್ಟಾದರೂ ಸಂಜೆಯ ಹೊತ್ತಿಗೆ ಇಳಿಯುತ್ತದೆ. ಇಷ್ಟು ಸರಳವಾದ ಕೆಲಸ ಅವನಿಗೆ ಈಚೆಗೆ ಸಿಕ್ಕಿರಲಿಲ್ಲ. ಎದ್ದು ಕೋಣೆಯ ಕಡೆ ನಡೆದ.

ಬಾಗಿಲಲ್ಲಿ ಜಂಬಮ್ಮ ಅಡ್ಡ ಸಿಕ್ಕಳು. ಮುಖ ತೊಳೆದಿದ್ದಳು, ತಟ್ಟೆಯನ್ನೂ ತೊಳೆದಿದ್ದಳು. ತಟ್ಟೆಯ ತಳದಲ್ಲಿ, ಪಟ್ಟಿಗಳು ತಾಗಿದ ಎರಡು ಕಡೆ, ಇಲಿ ಕಡಿದ ರೊಟ್ಟಿಯ ಹಾಗೆ ಎರಡು ಗಾಯ. ಒಂದರಿಂದ ಬೆಳಕು ಕಾಣುತ್ತಿತ್ತು.

‘ನನ್ನ ತವರುಮನಿ ತಟ್ಟಿ ಇದು. ಯಜಮಾನ್ರ, ಒಂದು ಮಾತು ಕೇಳತೀನಿ. ಈಗ ನೀವು ಕಟ್ಟತೀರಿ. ನಾಳೆ ನಾ ಮತ್ತ ತಟ್ಟಿ ಅಲ್ಲೇ ಇಟ್ಟೆ ಅನ್ರಿ.’

‘ಇಡಬಾರದವ್ವ.’

‘ಇಡಬಾರದು ಅಂತ ಇವತ್ತು ಗೊತ್ತಾತು. ನಾ ಇಡಂಗಿಲ್ಲ, ನಮ್ಮ ಸೊಸಿ ಇಟ್ಲು ಅನ್ರಿ. ಏನಾಗತೈತಿ?’

ಹಾಲಸಿದ್ದಪ್ಪ ತಟ್ಟೆಯನ್ನು ಇಸಿದುಕೊಂಡ. ಗಾಯದ ಅಂಚಿಗೆ ಹೆಬ್ಬೆರಳು ಆಡಿಸಿದ. ಕಣ್ಣು ರೆಪ್ಪೆ ಬಡಿಯುವಷ್ಟರಲ್ಲಿ ಇಷ್ಟು ಹಿತ್ತಾಳೆ ಕರಗಿದೆ. ಅವನು ಮನುಷ್ಯರಿಗೆ ಸುಳ್ಳು ಹೇಳಿದ್ದುಂಟು, ತೆರಿಗೆಯವರಿಗೂ ಹೇಳಿದ್ದುಂಟು. ಕೈಯಲ್ಲಿ ಲೋಹ ಹಿಡಿದು ಸುಳ್ಳು ಹೇಳುವುದು ಅವನಿಂದಾಗುತ್ತಿರಲಿಲ್ಲ.

‘ತಟ್ಟಿ ಅಲ್ಲೇ ಅಂಟತೈತಿ’ ಎಂದ.

‘ಅಂಟಿ?’

‘ಕೆಂಪಗಾಗತೈತಿ. ವೈರೂ ಕೆಂಪಗಾಗತಾವ. ಮ್ಯಾಲಿನ ರಬ್ಬರು ಹತ್ಕಂಡು ಉರಿತೈತಿ. ಬ್ಯಾಟರಿ ಒಡದ್ರೂ ಒಡಿಬೋದು.’

‘ಮತ್ತ ನಿಮ್ಮ ಫ್ಯೂಸು?’

ಹಾಲಸಿದ್ದಪ್ಪ ತಟ್ಟೆಯನ್ನು ಅವಳ ಕೈಗೆ ವಾಪಸ್ ಕೊಟ್ಟ.

‘ಇರತೈತಿ’ ಎಂದ.

ದೊಡ್ಡಬಸವರಾಜ ನಿಧಾನಸ್ಥ, ಅವನ ತಲೆಯಲ್ಲಿ ಏನೋ ಒಂದು ಬಹಳ ದೂರದಿಂದ ನಡೆದು ಬರುತ್ತಿರುವುದು ಮುಖದ ಮೇಲೆ ಕಾಣುತ್ತಿತ್ತು.

‘ಮಾವ, ನನ್ನ ಮೋಟರು ನಾಕು ಸಲ ಸುಡ್ತಲ್ಲ.’

‘ಹೂಂ.’

‘ನಾಕೂ ಸಲ ಫ್ಯೂಸು ಹೋಗಿದ್ದಿಲ್ಲ.’

‘ಹೂಂ.’

‘ಹೋಗಿದ್ರ?’

‘ಮೋಟರು ಉಳೀತಿತ್ತು.’

‘ಎಲಾ ಇವನ’ ಎಂದ ದೊಡ್ಡಬಸವರಾಜ, ತನಗೇ.

ರೇಣುಕಾ ಸೆರಗು ಬಾಯಿಗೆ ಒತ್ತಿಕೊಂಡಳು, ಆಗಲಿಲ್ಲ. ‘ಅಂದ್ರ ನಿಮ್ಮ ಫ್ಯೂಸು ಕಾಯಾಕ ಮೂವತ್ತು ವರ್ಸದಿಂದ ಮೋಟರು ಜೀವ ಕೊಟ್ಕಂತ ಬಂದಾವ’ ಎಂದಳು. ಬಟ್ಟೆಯ ಗಂಟುಗಳ ಮೇಲೆ ಕೂತಿದ್ದವರೆಲ್ಲ ಅಲುಗಾಡಿದರು. ನಗು ಶೆಡ್ಡು ದಾಟಿ ಓಣಿಗೂ ಹೋಯಿತು.

ಹಾಲಸಿದ್ದಪ್ಪ ಅದು ನಿಲ್ಲುವವರೆಗೆ ಕಾದ. ಹೆಸರು ಹೇಗೂ ಹೋಗಿಯಾಗಿತ್ತು. ಇನ್ನು ಅದನ್ನು ಉಳಿಸುವ ಖರ್ಚಿಲ್ಲ ಎಂಬ ಒಂದು ಹಗುರ ಅವನಿಗೆ ಬಂತು.

‘ನನ್ನ ಮಗಳು ಹಾಕಿದ್ದು ಹೋತು’ ಎಂದ. ‘ಅದು ಹೋಗಿದ್ದಕ್ಕ ಈ ಜಂಬಮ್ಮ ಇಲ್ಲಿ ನಿಂತು ನನ್ನ ಮರ್ಯಾದಿ ತೆಗೀಯಾಕತ್ಯಾಳ. ನಾ ಕಟ್ಟಿದ್ದಿದ್ರ ತೆಗಿಯೋರು ಇರತಿದ್ದಿಲ್ಲ. ನಗ್ರಿ ಈಗ.’

ಜಂಪರ್ ವೈರನ್ನು ದೊಡ್ಡಬಸವರಾಜನ ಕೈಗೆ ಹಾಕಿ, ಕೋಣೆಯ ಬಾಗಿಲಿಗೆ ಒಂದು ಪ್ಲಾಸ್ಟಿಕ್ ಕುರ್ಚಿ ಎಳೆದುಕೊಂಡು ಅಡ್ಡ ಕೂತ. ಯಾರು ಆ ಕಡೆ ಹೋದರೂ ಮೊದಲು ಅವರ ಕೈ ನೋಡುತ್ತಿದ್ದ. ಚಾ ತಂದ ಹುಡುಗಿಯ ಸ್ಟೀಲ್ ತಟ್ಟೆಯನ್ನು ದೂರದಲ್ಲೇ ಇಡಿಸಿದ.

ಒಂದೂವರೆಗೆ ಚೈತ್ರಾ ಬಂದಳು. ಅಪ್ಪ ಬಾಗಿಲಲ್ಲಿ ಕೂತಿರುವುದು ಕಂಡು ಸೀದಾ ಒಳಗೆ ಹೋಗಿ ಫ್ಯೂಸಿನ ಜಾಗ ನೋಡಿದಳು. ಸುಟ್ಟ ಫ್ಯೂಸು ಇದ್ದಂತೆಯೇ ಇತ್ತು, ತಾಮ್ರದ ಎಳೆ ಇರಲಿಲ್ಲ. ತಿರುಗಿ ಅಪ್ಪನನ್ನು ನೋಡಿದಳು.

‘ಏನ್ ನೋಡತಿ?’ ಎಂದ ಅವನು. ‘ಬ್ಯಾಟರಿ ಹಿಡಿಯೋನು ನಾನು. ಎಲ್ಲಿ ಹಿಡೀಬೇಕು ಹೇಳು.’

‘ಬ್ಯಾಟರಿ ಹಿಡಿಯೋದು ಬ್ಯಾಡ, ಟಾರ್ಚು ಹಿಡಿ.’

ಅವನು ಟಾರ್ಚು ಹಿಡಿದ. ಅವಳು ಕರಕಲಾದ ಪಟ್ಟಿಯ ಅಂಚನ್ನು ಉಜ್ಜಿ ನಯಮಾಡಿ, ಹೊಸ ಫ್ಯೂಸು ಕೂಡಿಸಿ, ಮುಚ್ಚಳಕ್ಕೆ ನಾಲ್ಕು ಸ್ಕ್ರೂ ಬಿಗಿದು, ಎಲ್ಲಕ್ಕಿಂತ ಕೊನೆಗೆ ಕೊಂಡಿ ವೈರು ಹಾಕಿದಳು. ಎರಡೂಕಾಲಿಗೆ ಐದೂ ಮಷಿನ್ನು ತಿರುಗಿದವು. ರೇಣುಕಾ ತಾನೇ ಒಂದರ ಮುಂದೆ ಕೂತು ಹನ್ನೆರಡು ಜೇಬು ಹೊಲಿದು, ಹದಿಮೂರನೆಯದಕ್ಕೆ ನಿಲ್ಲಿಸಿ ಕಿವಿಗೊಟ್ಟಳು. ಯಾವುದೂ ಸುಡುತ್ತಿರಲಿಲ್ಲ. ನಾಲ್ಕರ ಟಂಟಂಗೆ ಅರ್ಧ ಮಾಲು ಹೋಯಿತು. ಉಳಿದರ್ಧಕ್ಕೆ ಬಳ್ಳಾರಿಯವರಿಂದ ಬೈಗುಳ ಬಂತು. ಜಂಬಮ್ಮ ಬೈಗುಳವನ್ನು ಫೋನಿನಲ್ಲಿ ಪೂರ್ತಿ ಕೇಳಿಸಿಕೊಂಡು, ‘ಆತು ಇಡ್ರಿ’ ಎಂದಳು.

ರೇಣುಕಾ ಚೈತ್ರಾಳನ್ನು ಪಕ್ಕಕ್ಕೆ ಕರೆದಳು.

‘ಸೋಮವಾರ ನಮ್ಮನಿಗೆ ಬಾ. ಆರೂ ಮನಿ ನಿಂದ. ಆದ್ರ ಒಂದು ಶರತ್ತು. ನಮ್ಮನ್ಯಾಗೂ ಫ್ಯೂಸು ಹೋಗಬೇಕು.’

‘ಹೋಗೋ ಪ್ರಸಂಗ ಬಂದ್ರ ಹೋಗತೈತ್ರಿ ಅಕ್ಕ.’

‘ಪ್ರಸಂಗ ಬರೋತನಕ ಕಾಯಾಕ ಆಗಂಗಿಲ್ಲ. ಇಲ್ಲಿ ಹೋಗಿದ್ದು ಕಣ್ಣಾರೆ ನೋಡೀನಿ. ನಮ್ಮನ್ಯಾಗಿಂದು ಹೋಗತೈತೋ ಇಲ್ಲೋ ನಂಗೇನು ಗೊತ್ತು? ಒಮ್ಮಿ ಹೋಗಿ ತೋರ್ಸಲಿ, ಆಮ್ಯಾಲೆ ಹೊಸಾದು ಹಾಕು.’

ಇದು ಸಾಧ್ಯವಿಲ್ಲವೆಂದು ಚೈತ್ರಾ ಹತ್ತು ರೀತಿಯಲ್ಲಿ ವಿವರಿಸಿದಳು. ಒಳ್ಳೆಯ ಬೆಂಕಿಕಡ್ಡಿಯೋ ಅಲ್ಲವೋ ಎಂದು ನೋಡಲು ಎಲ್ಲ ಕಡ್ಡಿಯನ್ನೂ ಗೀರುವುದುಂಟೆ ಎಂದು ಕೇಳಿದಳು. ‘ಒಂದು ಗೀರತೀವಲ್ಲ’ ಎಂದಳು ರೇಣುಕಾ. ಮಾತು ಅಲ್ಲೇ ಸಿಕ್ಕಿಬಿದ್ದಾಗ ಹಾಲಸಿದ್ದಪ್ಪ ಟಾರ್ಚು ಆರಿಸಿ ನಡುವೆ ಬಂದ.

‘ಸಣ್ಣದು ತರೋಣ. ಕಾರಿನಾಗಿರತಾವಲ್ಲ, ಐದು ಆಂಪ್ಸಿನವು. ಬ್ಯಾಟರಿ ಕ್ವಾಣಿ ಒಳಗ ಬ್ಯಾಡ, ಅಂಗಳದಾಗ, ಬೈಕಿನ ಬ್ಯಾಟರಿಗೆ ಹಚ್ಚಿ ಎಲ್ಲರ ಮುಂದ ಸುಡೋಣ. ದೊಡ್ಡದು ಇದರ ಅಣ್ಣ ಅಂತ ಹೇಳೋಣ.’

ಚೈತ್ರಾ ಅಪ್ಪನನ್ನು ನೋಡಿದಳು, ಅಂಗಳ ನೋಡಿದಳು, ಅಲ್ಲಿ ಉರಿಯುವಂಥದ್ದೇನೂ ಇರಲಿಲ್ಲ. ‘ಕನ್ನಡಕ ಹಾಕ್ಕಂಡು ಸುಡು’ ಎಂದಳು.

ಹಾಗೆ ಶುರುವಾದದ್ದು ಎರಡನೆಯ ಮನೆಯ ಹೊತ್ತಿಗೆ ರೂಢಿಯಾಯಿತು, ಮೂರನೆಯ ಮನೆಯ ಹೊತ್ತಿಗೆ ಶಾಸ್ತ್ರ. ಕಾಯಿ ಒಡೆದಾದ ಮೇಲೆ ಹಾಲಸಿದ್ದಪ್ಪ ಕರಿ ಕನ್ನಡಕ ಹಾಕಿಕೊಂಡು ಅಂಗಳಕ್ಕೆ ಇಳಿಯಬೇಕು, ಅಂಗಿಯ ಗುಂಡಿಯಷ್ಟು ಚಿಕ್ಕ ಫ್ಯೂಸು ಟಪ್ ಎನ್ನಬೇಕು, ಹೆಂಗಸರು ಅದನ್ನು ಕೈಯಿಂದ ಕೈಗೆ ದಾಟಿಸಿ ಒಳಗಿನ ತಂತಿ ಕಡಿದಿರುವುದನ್ನು ಬೆಳಕಿಗೆ ಹಿಡಿದು ನೋಡಬೇಕು. ಅಲ್ಲಿಯವರೆಗೆ ಯಾರೂ ಮಷಿನ್ನು ಮುಟ್ಟುವುದಿಲ್ಲ. ಚೈತ್ರಾ ಎಲ್ಲ ಸಾಮಾನಿನ ಪಟ್ಟಿಯಲ್ಲಿ ಅದನ್ನೂ ಸೇರಿಸಿದಳು: ಫ್ಯೂಸು, ಸಣ್ಣದು, ಸುಡಲು.

ನಾಲ್ಕನೆಯ ಮನೆ ಉಚ್ಚೆಂಗೆಮ್ಮ ಎಂಬ ಅಜ್ಜಿಯದು. ಅವಳಿಗೆ ಎಲ್ಲವೂ ಕ್ರಮವಾಗಿ ಆಗಬೇಕು.

‘ಏನಪಾ ಸಿದ್ದಪ್ಪ, ಫ್ಯೂಸ್ ಸುಡಾಕ ಇವತ್ತು ಟೈಮು ಹೆಂಗೈತಿ?’

ಹಾಲಸಿದ್ದಪ್ಪ ಗೋಡೆಯ ಮೇಲಿನ ಕ್ಯಾಲೆಂಡರಿನ ಹತ್ತಿರ ಹೋಗಿ, ಕರಿ ಕನ್ನಡಕ ಹಣೆಗೇರಿಸಿ, ಗುರುವಾರದ ಮನೆಯ ಮೇಲೆ ಬೆರಳಿಟ್ಟ.

‘ಒಂದೂವರಿ ಒಳಗ ಸುಟ್ಟುಬಿಡೋಣವ್ವ’ ಎಂದ. ‘ಆಮ್ಯಾಲೆ ರಾಹುಕಾಲ ಐತಿ.’